ಸಮಶಿಕ್ಷೆಯೂ ಸಮನ್ಯಾಯವೂ

ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ಪೋರ್ಟ್ ಫೇರಿ ಎಂಬ ಕಡಲತಡಿಯ ಊರಿನಲ್ಲಿ 1928ರಲ್ಲಿ ಜನಿಸಿದ ಜಾನ್ ಕೋಲ್ಮನ್, 1949ರಲ್ಲಿ ಎಸೆಂಡನ್ ತಂಡದ ಪರವಾಗಿ ಕಣಕ್ಕಿಳಿದ ಪ್ರಥಮ ದಿನವೇ ಹಾಥಾರ್ನ್ ತಂಡದೆದುರು 12 ಗೋಲುಗಳನ್ನು ಹೊಡೆದು, ಆ ವರ್ಷದ ಅಂತಿಮ ಪಂದ್ಯದಲ್ಲಿ ತನ್ನ ನೂರನೆಯ ಗೋಲನ್ನೂ ಪೂರೈಸಿದನು. ಕ್ರಿಕೆಟ್ ಆಡುವ ಅಂಡಾಕಾರದ ಬಯಲಿನಲ್ಲಿಯೇ ತಂಡಕ್ಕೆ 18 ಮಂದಿಯಂತೆ ಆಡುವ ಆ ದೇಶದ ಫುಟ್‌ಬಾಲ್ ನಮಗೆ ಅಷ್ಟಾಗಿ ಪರಿಚಿತವಲ್ಲ. ನೆಟ್ಟ ನಾಲ್ಕು ಕಂಬಗಳಲ್ಲಿ ನಡುವಣ ಎರಡರ ಮಧ್ಯೆ ಚೆಂಡನ್ನು ಒದ್ದು ದಾಟಿಸಿದರೆ 6 ಅಂಕ. ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳಗೊಡದೆ ಹಿಡಿದವನಿಗೆ ನಿರಾತಂಕವಾಗಿ ಒದೆಯುವ ಅಧಿಕಾರ. ಇಷ್ಟನ್ನರಿತರೆ, ಎದುರಾಳಿಗಳ ಹೆಗಲಿಗಿಂತಲೂ ಮೇಲಕ್ಕೆ ನೆಗೆದು ಚೆಂಡನ್ನು ಕೈವಶಮಾಡಿಕೊಳ್ಳುತ್ತಿದ್ದ ಈ ಯುವಕನನ್ನು ತಡೆಯಲು ನಿಯಮದೊಳಗಣ ಉಪಾಯಗಳು ಏಕೆ ಸಾಲದೆ ಹೋದುವೆಂಬುದು ವಿದಿತವಾದೀತು.

ಸಾಲದೆ ಹೋದಾಗ ಕೆಲವರು ಹಿಡಿದ ಮಾರ್ಗ ಆಟಗಳಷ್ಟೇ ಪುರಾತನವಾದದ್ದು: ಅಂಪೈರನ ಕಣ್ಣು ತಪ್ಪಿಸಿ ತಿವಿಯುವುದು, ಜಗ್ಗುವುದು, ಗುದ್ದುವುದು. 1951ರ ಲೀಗ್ ಸುತ್ತಿನ ಕಡೆಯ ಪಂದ್ಯದಲ್ಲಿ ಕಾರ್ಲ್ಟನ್ ತಂಡದ ಹ್ಯಾರಿ ಕ್ಯಾಸ್ಪರ್ ಹೊಡೆಯಲು, ಕೋಲ್ಮನ್ ಮರಳಿ ಹೊಡೆದನು. ವಿಚಾರಣಾಮಂಡಲಿಯು ಇಬ್ಬರನ್ನೂ ನಾಲ್ಕು ನಾಲ್ಕು ಪಂದ್ಯಗಳಿಂದ ಹೊರಗಿಟ್ಟಿತು.

ತಕ್ಕಡಿ ಸಮವಾಗಿಯೇ ತೂಗಿತೆಂದು ಮಂಡಲಿಯ ಪಕ್ಷವಾಗಿ ಹೇಳಬಹುದು. ಏಟಿಗೆ ಏಟು ಕೊಡುವ ಹಕ್ಕನ್ನು ಆಟಗಾರನಿಗೆ ಬಿಟ್ಟರೆ ಆಟವೇ ಉಳಿಯದೆಂಬ ಮಾತನ್ನು ನಾನೂ ಒಪ್ಪತಕ್ಕವನೇ. ಆದರೆ ಕಾರ್ಲ್ಟನ್ ಆ ವರ್ಷ ಮುಂದಿನ ಘಟ್ಟಕ್ಕೆ ಏರಿಯೇ ಇರಲಿಲ್ಲ, ಆದಕಾರಣ ಕ್ಯಾಸ್ಪರನ ಗೈರುಹಾಜರಿಯಿಂದ ಅದಕ್ಕೆ ಆಗ ಆದ ನಷ್ಟ ಶೂನ್ಯ. ಎಸೆಂಡನ್ನಾದರೋ ತನ್ನ ಪ್ರಧಾನ ಗೋಲುಗಾರನಿಲ್ಲದೆ ಅಂತಿಮ ಪಂದ್ಯವನ್ನಾಡಿ ಜೀಲಾಂಗ್ ತಂಡಕ್ಕೆ 11 ಅಂಕಗಳಿಂದ ಸೋತಿತು. ಮೊದಲು ಕೈಯೆತ್ತಿದವನನ್ನೂ ಮರಳಿ ಕೈಯೆತ್ತಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ನಿರ್ಣಯ, ಪ್ರಚೋದಿಸುವವನಿಗೆ ಕೊಟ್ಟ ಪರವಾನಗಿಯೇ ಸರಿ. ಪ್ರತಿಭೆಯುಳ್ಳವನನ್ನು ಕೆರಳಿಸಿ ತನ್ನೊಡನೆ ಹೊರಕ್ಕೆ ಎಳೆದೊಯ್ಯುವುದು ಸಾಧಾರಣನಿಗೆ ಲಾಭದ ವ್ಯಾಪಾರವಲ್ಲವೆ?

ಆ ನಷ್ಟವನ್ನು ತುಂಬಿಕೊಳ್ಳಲು ಕೋಲ್ಮನ್ನನಿಗೆ ಕಾಲವೂ ಒದಗಲಿಲ್ಲ. 1954ರಲ್ಲಿ ಫಿಟ್ಸ್‌ರಾಯ್ ತಂಡದೆದುರು 14 ಗೋಲುಗಳನ್ನು ಹೊಡೆದ ಮರುವಾರವೇ ಮಂಡಿಯ ಕೀಲು ತಪ್ಪಿ, 98 ಪಂದ್ಯಗಳಲ್ಲಿ 537 ಗೋಲುಗಳ ಆ ಆಟ ಅವನ ಇಪ್ಪತ್ತೈದನೆಯ ವಯಸ್ಸಿಗೇ ಮುಗಿಯಿತು. ಮುಂದೆ ತರಬೇತುದಾರನಾಗಿ 1962 ಮತ್ತು 1965ರಲ್ಲಿ ಅವನು ಎಸೆಂಡನ್ನಿಗೆ ಪ್ರಶಸ್ತಿ ಗಳಿಸಿಕೊಟ್ಟನೆಂಬುದು ದಿಟ. ಆಟಗಾರನಾಗಿ ಮಾತ್ರ, 1950ರ ಅನಂತರ, ಅಂತಿಮ ಪಂದ್ಯವೊಂದನ್ನೂ ಆಡಲಿಲ್ಲ.