ಅಮಾನತಿನ ಆದೇಶದಿಂದ ವಾರ್ಡ್ ಸುರಕ್ಷಿತವಾಗದು

ತಪ್ಪು ಇಂಜೆಕ್ಷನ್‌ನಿಂದ ರೋಗಿ ಸತ್ತ ಸುದ್ದಿಯ ಬೆನ್ನಿಗೇ ಬರುವ ಸಾಲು ಓದುಗರಿಗೆಲ್ಲ ಬಾಯಿಪಾಠ: ಸ್ಟಾಫ್ ನರ್ಸ್ ಅಮಾನತು, ತನಿಖೆಗೆ ಸಮಿತಿ. ಮನೆಯವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಔಷಧಿ ಆ ಕೈಗೆ ಹೇಗೆ ಸಿಕ್ಕಿತು ಎಂದು ಕೇಳದೆ ಕೈಯನ್ನಷ್ಟೇ ಶಿಕ್ಷಿಸಿದರೆ, ನಾಳೆ ಅದೇ ಕಪಾಟಿನ ಮುಂದೆ ಇನ್ನೊಬ್ಬರು ನಿಂತಿರುತ್ತಾರೆ. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡನ್ನೇ ನೋಡಿ. ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಕೊಟ್ಟರೆ ಅದು ಚಿಕಿತ್ಸೆ. ಹಾಗೆಯೇ ನರಕ್ಕೆ ಚುಚ್ಚಿದರೆ ಹೃದಯ ನಿಲ್ಲುತ್ತದೆ. ನೋಡಲು ಮಾತ್ರ ಅದೂ ನೀರಿನಂತೆ ತಿಳಿ. ಅಮೆರಿಕದಲ್ಲಿ 1998ರಲ್ಲಿ, ಬ್ರಿಟನ್ನಿನಲ್ಲಿ 2002ರಲ್ಲಿ ಕೊಟ್ಟ ಎಚ್ಚರಿಕೆಯ ತಿರುಳು ಒಂದೇ: ಈ ಆಂಪೂಲ್‌ಗಳನ್ನು ಸಾಮಾನ್ಯ ವಾರ್ಡಿನ ಕಪಾಟಿನಿಂದ ತೆಗೆಯಿರಿ. ಕಪಾಟಿನಲ್ಲೇ ಇಲ್ಲದ ಔಷಧಿ ನಿದ್ದೆಗಣ್ಣಿನ ಕೈಗೆ ಸಿಗುವುದಿಲ್ಲ.

ಕಪಾಟಿಗಿಂತ ದೊಡ್ಡ ಪ್ರಶ್ನೆ ಒಬ್ಬರ ಪಾಲಿಗೆ ಎಷ್ಟು ಹಾಸಿಗೆ ಎಂಬುದು. ಯುರೋಪಿನ 9 ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ 4 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಲಿಂಡಾ ಐಕೆನ್ ಮತ್ತು ಸಂಗಡಿಗರು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಒಬ್ಬ ಶುಶ್ರೂಷಕಿಯ ಹೊಣೆಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನದೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ 7ರಷ್ಟು ಏರುತ್ತಿತ್ತು. ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಹತ್ತಿರದಿಂದ ನೋಡಿತು: ಔಷಧಿ ಕೊಡುವಾಗ ಒಮ್ಮೆ ಅಡ್ಡಿಯಾದರೆ ತಪ್ಪು ಶೇ 12ರಷ್ಟು ಹೆಚ್ಚು. ನಮ್ಮ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಬೋಧಕ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5ಕ್ಕೆ ಒಬ್ಬರು. ಜನರಲ್ ವಾರ್ಡಿನಲ್ಲಿ ರೋಗಿಯ ಪಕ್ಕ ಒಂದು ರಾತ್ರಿ ಕಳೆದವರು ಈ ಲೆಕ್ಕವನ್ನು ನಂಬುವುದು ಕಷ್ಟ. ಒಂದು ಹಾಸಿಗೆಯಲ್ಲಿ ಡ್ರಿಪ್ ಮುಗಿದಿರುತ್ತದೆ, ಇನ್ನೊಂದರಲ್ಲಿ ಜ್ವರ ಏರಿರುತ್ತದೆ, ಫೋನಿನಲ್ಲಿ ಡಾಕ್ಟರು ಡೋಸ್ ಹೇಳುತ್ತಿರುತ್ತಾರೆ. ಇವೆಲ್ಲದರ ನಡುವೆಯೇ ಸಿರಿಂಜ್ ತುಂಬಬೇಕು.

ಶಿಕ್ಷೆಯ ಭಯ ಹೋದರೆ ಅಜಾಗರೂಕತೆ ಬೆಳೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಗೊತ್ತಿದ್ದೂ ರೋಗಿಯ ಹೆಸರು ಕೇಳದೆ ಚುಚ್ಚಿದವರನ್ನು, ಕುಡಿದು ಪಾಳಿಗೆ ಬಂದವರನ್ನು ಶಿಕ್ಷಿಸಲೇಬೇಕು. ಹತ್ತು ಕೆಲಸದ ನಡುವೆ ಕಣ್ತಪ್ಪಿದ್ದು ಬೇರೆ ಮಾತು. ಎಂಥ ಭಯವೂ ಕಣ್ತಪ್ಪನ್ನು ತಡೆಯದು, ಅದನ್ನು ಬಚ್ಚಿಡಿಸುತ್ತದೆ ಅಷ್ಟೆ. ಬಚ್ಚಿಟ್ಟಾಗ ರೋಗಿಗೆ ತಕ್ಷಣ ಸಿಗಬೇಕಾದ ಮರುಚಿಕಿತ್ಸೆಯೂ ತಪ್ಪುತ್ತದೆ. ಇಲ್ಲಿ ಕಾನೂನೇ ಭಯವನ್ನು ಹೆಚ್ಚಿಸಿರುವುದು ನನ್ನನ್ನು ಕಾಡುತ್ತದೆ. ಹಳೆಯ ದಂಡ ಸಂಹಿತೆಯ 304ಎ ಕಲಮಿನಡಿ ನಿರ್ಲಕ್ಷ್ಯದ ಸಾವಿಗೆ ಗರಿಷ್ಠ ಶಿಕ್ಷೆ ಎಲ್ಲರಿಗೂ 2 ವರ್ಷ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1) ಅದನ್ನು 5 ವರ್ಷಕ್ಕೆ ಏರಿಸಿ, ನೋಂದಾಯಿತ ವೈದ್ಯರಿಗೆ ಮಾತ್ರ 2 ವರ್ಷದ ಮಿತಿ ಉಳಿಸಿತು. ವೈದ್ಯರೆಂದರೆ ವೈದ್ಯಕೀಯ ನೋಂದಣಿ ಪುಸ್ತಕದಲ್ಲಿ ಹೆಸರಿರುವವರು ಎಂದು ಅಲ್ಲಿನ ವಿವರಣೆ ಹೇಳುತ್ತದೆ; ಶುಶ್ರೂಷಕರು ಅದರೊಳಗೆ ಬರುವುದಿಲ್ಲ. ಒಂದೇ ಹಾಸಿಗೆಯ ಪಕ್ಕ, ಒಂದೇ ಚಿಕಿತ್ಸೆಯಲ್ಲಿ, ಬರೆದವರಿಗಿಂತ ಕೊಟ್ಟವರಿಗೆ ಹೆಚ್ಚು ಶಿಕ್ಷೆಯ ಸಾಧ್ಯತೆ! ಹೀಗಿರುವಾಗ ತಪ್ಪನ್ನು ತಾವಾಗಿ ಬರೆದುಕೊಡಿ ಎಂದು ಅವರನ್ನು ಯಾವ ಬಾಯಲ್ಲಿ ಕೇಳುವುದು? 2018ರಿಂದ 2025ರ ಅವಧಿಗೆ ಕೇಂದ್ರ ರೂಪಿಸಿದ ರೋಗಿ ಸುರಕ್ಷತಾ ಚೌಕಟ್ಟು ನೆಚ್ಚಿಕೊಂಡಿದ್ದು ಇಂಥ ವರದಿಗಳನ್ನೇ.

ಹಣವೆಲ್ಲಿದೆ ಎಂಬ ಆಕ್ಷೇಪವೂ ಇದೆ. ನೇಮಕಾತಿಗೆ ಹಣ ಬೇಕು, ನಿಜ. ಫೋನಿನಲ್ಲಿ ಹೇಳಿದ ಡೋಸನ್ನು ಬರೆದುಕೊಂಡು ಮರಳಿ ಓದಿ ಹೇಳುವುದಕ್ಕೆ, ಹಾಸಿಗೆಯ ನಂಬರಿನ ಬದಲು ಹೆಸರು ಮತ್ತು ಹುಟ್ಟಿದ ದಿನಾಂಕ ಕೇಳುವುದಕ್ಕೆ, ಔಷಧಿ ಕೊಡುವ ಅರ್ಧ ಗಂಟೆ ಅವರನ್ನು ಬೇರೆ ಕೆಲಸಕ್ಕೆ ಕರೆಯದಿರುವುದಕ್ಕೆ ಹಣ ಬೇಡ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು 2014ರಿಂದ ಪ್ರತಿ ಪಾಳಿಯಲ್ಲಿ ಎಷ್ಟು ಶುಶ್ರೂಷಕರು ಇರಬೇಕಿತ್ತು, ಎಷ್ಟು ಮಂದಿ ಇದ್ದಾರೆ ಎಂಬುದನ್ನು ವಾರ್ಡಿನಲ್ಲೇ ಬರೆದು ಹಾಕುತ್ತಿವೆ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಅಂಥದೊಂದು ಬೋರ್ಡ್ ಬರಲಿ. ದುರಂತ ನಡೆದಾಗ ತನಿಖಾ ಸಮಿತಿ ಆ ರಾತ್ರಿಯ ಬೋರ್ಡನ್ನು ಮೊದಲು ಓದಲಿ, ಸಿಬ್ಬಂದಿಯ ಹೇಳಿಕೆಯನ್ನು ಆಮೇಲೆ.