ಸಹಾಯಧನದ ಗೋಪುರ ಎಲ್ಲರಿಗೂ ಸಲ್ಲಲಿ: ಡಿಜಿಟಲ್ ಭಾರತ್ ನಿಧಿಯ ಆಡಳಿತಾಧಿಕಾರಿಗಳಿಗೆ ಬಹಿರಂಗ ಪತ್ರ



ದೂರಸಂಪರ್ಕ ಕಂಪನಿಗಳ ಹೊಂದಾಣಿಕೆಯಾದ ಒಟ್ಟು ಆದಾಯದಲ್ಲಿ, ಅಂದರೆ ಅನುಮತಿಸಿದ ಕಡಿತಗಳನ್ನು ಕಳೆದು ಉಳಿಯುವ ಮೊತ್ತದಲ್ಲಿ, ಶೇ. 5ರಷ್ಟು ಡಿಜಿಟಲ್ ಭಾರತ್ ನಿಧಿಗೆ ಮೀಸಲು. 2002ರಲ್ಲಿ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯಾಗಿ ಆರಂಭಗೊಂಡು, 2023ರ ದೂರಸಂಪರ್ಕ ಕಾಯ್ದೆಯಿಂದ ಈಗಿನ ಹೆಸರು ಪಡೆದ ಈ ನಿಧಿಯ ಹೊರೆ ಕೊನೆಗೆ ಬೀಳುವುದು ರೀಚಾರ್ಜ್ ಮಾಡಿಸುವ ಗ್ರಾಹಕರ ಮೇಲೆಯೇ. ಆದ್ದರಿಂದ ಅದರ ನೆರವಿನಿಂದ ನಿಂತ ಗೋಪುರ ಒಂದೇ ಕಂಪನಿಯ ಸಿಮ್ ಹೊಂದಿದವರಿಗೆ ಮಾತ್ರ ಸಲ್ಲುವುದು ನ್ಯಾಯವಲ್ಲ.

2007ರಲ್ಲಿ ಗ್ರಾಮೀಣ ಭಾಗದ ಏಳು ಸಾವಿರಕ್ಕೂ ಹೆಚ್ಚು ಗೋಪುರಗಳಿಗೆ ಸಹಾಯಧನ ನೀಡುವ ಯೋಜನೆ ಜಾರಿಗೆ ಬಂದಾಗ, ಒಂದೊಂದನ್ನೂ ಮೂರು ಕಂಪನಿಗಳು ಬಳಸುವಂತಿರಬೇಕೆಂದು ಗೊತ್ತುಪಡಿಸಲಾಗಿತ್ತು. ಅದು ಜಾಗ, ಕಂಬ, ವಿದ್ಯುತ್ತುಗಳಿಗೆ ಸೀಮಿತವಾದ ನಿಷ್ಕ್ರಿಯ ಹಂಚಿಕೆ. ಆಂಟೆನಾ ಮತ್ತು ರೇಡಿಯೊ ಉಪಕರಣಗಳನ್ನು ಪ್ರತಿ ಕಂಪನಿಯೂ ಬೇರೆಯಾಗಿಯೇ ಅಳವಡಿಸಬೇಕಿತ್ತು. ನೂರಿನ್ನೂರು ಮನೆಗಳ ಊರಿನಲ್ಲಿ ಮೂರು ಜೊತೆ ಉಪಕರಣಗಳ ಖರ್ಚು ಯಾರಿಗೂ ಗಿಟ್ಟುವುದಿಲ್ಲ. ಹೀಗಾಗಿ, ಒಂದೇ ರೇಡಿಯೊದಿಂದ ಬೇರೆ ಕಂಪನಿಗಳ ಚಂದಾದಾರರಿಗೂ ಸಂಕೇತ ದೊರಕಿಸುವ ವೃತ್ತದೊಳಗಿನ ರೋಮಿಂಗ್ ವ್ಯವಸ್ಥೆಯನ್ನು ನಿಧಿಯ ನೆರವಿನ 4ಜಿ ಗೋಪುರಗಳಲ್ಲಿ 2025ರ ಜನವರಿಯಲ್ಲಿ ಆರಂಭಿಸಿದ್ದು ನಿಜಕ್ಕೂ ಅಭಿನಂದನಾರ್ಹ. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸವೂ ಹೌದು.

ಫೈಬರ್ ಜಾಲದ ಪಾಠ ಇನ್ನೂ ಕಠಿಣವಾದದ್ದು. 2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಕೇಂದ್ರದಿಂದ ಹೊರಟ ಎಳೆ ಬಹುಪಾಲು ನೇರ ಸಾಲಿನಲ್ಲೇ ಪಂಚಾಯಿತಿಗಳನ್ನು ತಲುಪುತ್ತಿದ್ದುದರಿಂದ, ರಸ್ತೆ ಅಗಲೀಕರಣದ ಜೆಸಿಬಿ ಒಂದು ಕಡೆ ಕೇಬಲ್ ಕಿತ್ತರೆ ಅದರಾಚೆಯ ಪಂಚಾಯಿತಿಗಳೆಲ್ಲ ಸಂಪರ್ಕ ಕಳೆದುಕೊಳ್ಳುತ್ತಿದ್ದವು. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿ ಅಂದಾಜಿನೊಂದಿಗೆ ಒಪ್ಪಿಗೆ ಪಡೆದ ತಿದ್ದುಪಡಿ ಯೋಜನೆಯು, ಒಂದು ಬದಿ ತುಂಡಾದರೂ ಇನ್ನೊಂದು ಬದಿಯಿಂದ ಸಂಪರ್ಕ ಉಳಿಯುವ ಉಂಗುರ ಮಾದರಿಯನ್ನೂ ಹತ್ತು ವರ್ಷಗಳ ನಿರ್ವಹಣೆಯನ್ನೂ ಒಳಗೊಂಡಿದೆ. ಕಟ್ಟುವುದಕ್ಕೆ ಹಣವಿಟ್ಟು ನಡೆಸುವುದನ್ನು ಮರೆತರೆ ಏನಾಗುತ್ತದೆಂಬುದನ್ನು ಬೀಗ ಜಡಿದ ಪಂಚಾಯಿತಿ ಕೋಣೆಯೊಳಗೆ ಬ್ಯಾಟರಿ ಸತ್ತು ಧೂಳು ಹಿಡಿದು ಕುಳಿತ ಉಪಕರಣಗಳು ತೋರಿಸಿಕೊಟ್ಟಿವೆ.

ಆದಕಾರಣ ಸಹಾಯಧನದ ಕಂತುಗಳನ್ನು ಗೋಪುರ ನಿಂತದ್ದಕ್ಕಲ್ಲದೆ ಅದು ನಡೆದ ಗಂಟೆಗಳಿಗೆ, ಅನ್ಯ ಕಂಪನಿಗಳ ಚಂದಾದಾರರಿಗೆ ಒದಗಿದ ಸೇವೆಗೆ ಜೋಡಿಸುವುದು ಅಗತ್ಯ. ಬಳಕೆಯಾಗದ ಫೈಬರ್ ಎಳೆಗಳನ್ನು ಸ್ಥಳೀಯ ಕೇಬಲ್ ನಿರ್ವಾಹಕರಿಗೂ ಒಂದೇ ದರದಲ್ಲಿ ಬಾಡಿಗೆಗೆ ಕೊಡಬೇಕು. ಪ್ರತಿ ಗೋಪುರ ತಿಂಗಳಲ್ಲಿ ಎಷ್ಟು ಗಂಟೆ ಸ್ಥಗಿತವಾಗಿತ್ತು, ಕಾರಣವೇನು ಎಂಬ ಲೆಕ್ಕ ದೆಹಲಿಯ ಕಡತದಲ್ಲಷ್ಟೇ ಉಳಿಯದೆ, ಆಯಾ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ, ಆಯಾ ರಾಜ್ಯದ ಭಾಷೆಯಲ್ಲಿ ಪ್ರಕಟವಾಗುವಂತೆ ಮಾನ್ಯರು ಆದೇಶ ಹೊರಡಿಸಬೇಕೆಂದು ವಿನಂತಿ.