ದೋಣಿಬಂಡಿಗೆ ತಕ್ಕ ಕಮಾನು

ಜಟಕಾಬಂಡಿಯ ಕಮಾನು ಗಡುಸಾದರೆ ಕುಳಿತವನ ಸೊಂಟಕ್ಕೆ ಪೆಟ್ಟು. ಮೆದುವಾದರೆ ಬಂಡಿಗೇ ಪೆಟ್ಟು. ಇದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡಿದ್ದ ಸಂಗತಿ. ಮೋಟಾರು ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಸಣ್ಣ ದೋಣಿಬಂಡಿಗೂ ಇದೇ ನ್ಯಾಯವು ಸಲ್ಲುತ್ತದೆ. ಆಸ್ಟ್ರೇಲಿಯದಲ್ಲಿ ಅಲ್ಯೂಮಿನಿಯಮ್ಮಿನ ಕಿರುದೋಣಿಯನ್ನು ಇಂತಹ ಬಂಡಿಯ ಮೇಲೇರಿಸಿಕೊಂಡು ಕಡಲತೀರಕ್ಕೆ ಹೊರಡುವ ಸಂಸಾರಗಳು ಬಹಳ. ಅಲ್ಲಿ ನೆಲಸಿರುವ ಕನ್ನಡಿಗ ಗೃಹಸ್ಥರಿಗೂ ಈ ವಿಚಾರವು ಉಪಯುಕ್ತವಾದೀತು.

ಹಳೆಯ ಕಮಾನನ್ನು ಬದಲಿಸುವಾಗ, ಅಂಗಡಿಯಲ್ಲಿರುವುದರಲ್ಲೆಲ್ಲ ಗಟ್ಟಿಯಾದುದೇ ಲೇಸೆಂದು ಎಣಿಸುವುದು ಸಹಜ. ಆದರೆ ಕಮಾನಿನ ಧರ್ಮವು ಹೊರುವುದು ಮಾತ್ರವಲ್ಲ, ಬಾಗುವುದೂ ಹೌದು. ಬಾಗದ ಕಮಾನು ರಸ್ತೆಯ ಪ್ರತಿಯೊಂದು ಕುಲುಕನ್ನೂ ದೋಣಿಗೇ ಒಪ್ಪಿಸುತ್ತದೆ. ರಿವೆಟ್ಟುಗಳು ಸಡಿಲುತ್ತವೆ, ಬೆಸುಗೆಗಳು ಬಿರಿಯುತ್ತವೆ. ಮಕ್ಕಳುಮರಿಗಳೊಡನೆ ನೀರಿಗಿಳಿದ ಮೇಲೆ ದೋಣಿಯು ಸೋರತೊಡಗುತ್ತದೆ. ತೀರ ಮೆದುವಾದುದೂ ಅಪಾಯಕರವೇ: ಹಳ್ಳದಲ್ಲಿ ಅಚ್ಚು ಚೌಕಟ್ಟಿಗೆ ಬಡಿದು, ಟೈರು ಮಡ್‌ಗಾರ್ಡಿಗೆ ಉಜ್ಜೀತು.

ಹಾಗಾದರೆ ತಕ್ಕುದನ್ನು ಆರಿಸುವ ಬಗೆಯೇನು? ಮೊದಲು ಭಾರವನ್ನು ಲೆಕ್ಕ ಹಾಕಬೇಕು. ದೋಣಿ 90 ಕಿಲೋಗ್ರಾಂ, ಎಂಜಿನ್ 50, ಪೆಟ್ರೋಲು 20, ಲಂಗರು ಹಗ್ಗ ಮೊದಲಾದ ಸಾಮಾನು 40, ಬಂಡಿಯ ಚೌಕಟ್ಟು 100 ಎಂದಿಟ್ಟುಕೊಳ್ಳೋಣ. ಒಟ್ಟು 300. ಚಕ್ರಗಳೂ ಅಚ್ಚೂ ಕಮಾನಿನ ಕೆಳಗಿರುವುದರಿಂದ ಅವುಗಳ ಭಾರವನ್ನು ಸೇರಿಸತಕ್ಕದ್ದಿಲ್ಲ. ಇದರಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಕಾರಿನ ಕೊಂಡಿಯು ಹೊರುತ್ತದೆ. ಉಳಿದ 270ನ್ನು ಎರಡು ಕಮಾನುಗಳು ಹಂಚಿಕೊಳ್ಳುತ್ತವೆ, ಒಂದೊಂದಕ್ಕೆ 135. ಆದುದರಿಂದ ಜೋಡಿಗೆ 300ರಿಂದ 350 ಕಿಲೋಗ್ರಾಂ ಹೊರುವ ಕಮಾನು ಸಾಕು. ಅಂಗಡಿಯವನು ಹೇಳುವ ಅಂಕಿಯು ಒಂದಕ್ಕೋ ಜೋಡಿಗೋ ಎಂಬುದನ್ನು ತಪ್ಪದೆ ಕೇಳಬೇಕು.

ಕಮಾನು ಭಾರಕ್ಕೆ ತಕ್ಕಷ್ಟೇ ಬಾಗುವುದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ಕನು 1678ರಲ್ಲಿ ವಿವರಿಸಿದನು. ಪಟ್ಟಿಗಳ ಸಂಖ್ಯೆ ಇಮ್ಮಡಿಯಾದರೆ ಗಡಸುತನವೂ ಇಮ್ಮಡಿ. ಆದರೆ ಪಟ್ಟಿಯ ದಪ್ಪವೇ ಇಮ್ಮಡಿಯಾದರೆ ಗಡಸುತನವು ಎಂಟು ಮಡಿ! ಆದುದರಿಂದ ಉದ್ದ ಅಗಲಗಳನ್ನು ಹಳೆಯ ಕಮಾನನ್ನು ಅಳೆದು ಗೊತ್ತುಮಾಡಿ, ದಪ್ಪವನ್ನೂ ಪಟ್ಟಿಗಳ ಸಂಖ್ಯೆಯನ್ನೂ ಭಾರವನ್ನು ನೋಡಿ ಗೊತ್ತುಮಾಡುವುದೇ ಸರಿಯಾದ ಕ್ರಮ. ಹಿಂದಿನವರು ಹಾಕಿಸಿದ್ದ ಕಮಾನೇ ತಪ್ಪಾಗಿದ್ದಿರಬಹುದಲ್ಲವೆ?

ಎರಡೂ ಕಡೆಯವನ್ನು ಒಟ್ಟಿಗೆ ಬದಲಿಸತಕ್ಕದ್ದು. ಇಲ್ಲವಾದರೆ ಬಂಡಿಯು ಒಂದು ಮಗ್ಗುಲಿಗೆ ವಾಲುತ್ತದೆ. ಜೋಡಿಸಿದ ಬಳಿಕ ದೋಣಿಯನ್ನು ಪೂರ್ಣ ಸಾಮಾನಿನೊಡನೆ ಏರಿಸಿ, ಟೈರಿಗೂ ಮಡ್‌ಗಾರ್ಡಿಗೂ, ಅಚ್ಚಿಗೂ ಚೌಕಟ್ಟಿಗೂ ನಡುವೆ ಸಾಕಷ್ಟು ತೆರಪಿರುವುದನ್ನು ನೋಡಿಕೊಳ್ಳಬೇಕು.

ಕಡಲ ಉಪ್ಪುನೀರು ಉಕ್ಕಿಗೆ ಪರಮಶತ್ರು. ಸತುವಿನ ಲೇಪವಿರುವ ಕಮಾನನ್ನೇ ಕೊಳ್ಳುವುದು ಮೇಲು. ಆದರೂ ಪಟ್ಟಿಗಳ ಸಂದಿಯಲ್ಲಿ ನಿಂತ ನೀರು ಕಣ್ಣಿಗೆ ಕಾಣದಂತೆ ತುಕ್ಕನ್ನು ಬೆಳೆಸುತ್ತದೆ. ಒಂದು ದಿನ ನಡುದಾರಿಯಲ್ಲಿ ಪಟ್ಟಿಯು ಮುರಿಯುತ್ತದೆ. ಮನೆಗೆ ಬಂದೊಡನೆ ನಾಲ್ಕು ಕೊಡ ಸಿಹಿನೀರಿನಿಂದ ತೊಳೆಯುವ ಶ್ರಮವು, ಇಂತಹ ವಿಪತ್ತಿನ ಮುಂದೆ ಏನೂ ಅಲ್ಲ.